ಎರಡು ದೀಪಗಳ ನಡುವೆ ಮೇಷ್ಟ್ರು

ಆ ಸೋಮವಾರ ಐದು ಗಂಟೆಯಾದರೂ ಜಗಳೂರಿನ ಸುದ್ದಿ ಬಂದಿರಲಿಲ್ಲ. ಅದರಲ್ಲಿ ವಿಶೇಷವೇನೂ ಇಲ್ಲ. ಜಗಳೂರಿನ ಸುದ್ದಿ ಯಾವತ್ತೂ ಕೊನೆಗೇ ಬರುವುದು. ಅಕ್ಕ ಪುಟದ ಕೆಳಗಿನ ಬಲಮೂಲೆಯಲ್ಲಿ ಅಂಗೈಯಗಲ ಜಾಗ ಬಿಟ್ಟು, ಕಾಗದದ ಪೊಟ್ಟಣದಿಂದ ಮಂಡಕ್ಕಿ ತಿನ್ನುತ್ತಾ ಕಾಯುತ್ತಿದ್ದಳು. ಕೀಲಿಮಣೆಯ ಮೇಲೆ ಮಂಡಕ್ಕಿ ಬೀಳದಂತೆ ಒಂದು ಕೈಯನ್ನು ಗಲ್ಲದ ಕೆಳಗೆ ಹಿಡಿದುಕೊಂಡೇ ತಿನ್ನುವುದು ಅವಳ ಅಭ್ಯಾಸ.

ನಮ್ಮದು ನಾಲ್ಕು ಪುಟದ ದಿನಪತ್ರಿಕೆ. ಚನ್ನಗಿರಿಯಲ್ಲಿ ಎರಡು ಕೋಣೆಯ ಆಫೀಸು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ಈ ನಾಲ್ಕು ತಾಲ್ಲೂಕುಗಳ ಸುದ್ದಿಯೇ ನಮ್ಮ ಬಂಡವಾಳ. ನಾನು ಸುದ್ದಿ ಟೈಪ್ ಮಾಡುತ್ತಿದ್ದೆ. ಅಕ್ಕ ಪೇಜ್ ಮಾಡುತ್ತಿದ್ದಳು, ಎಂದರೆ ಯಾವ ಸುದ್ದಿ ಎಲ್ಲಿ ಕೂರಬೇಕು, ಹೆಡ್ಡಿಂಗ್ ಎಷ್ಟು ದಪ್ಪ, ಫೋಟೋ ಎಷ್ಟು ಅಗಲ ಎಂದು ಕಂಪ್ಯೂಟರಿನಲ್ಲಿ ಜೋಡಿಸುತ್ತಿದ್ದಳು. ಐದೂವರೆಗೆ ಪುಟಗಳು ದಾವಣಗೆರೆಯ ಪ್ರೆಸ್ಸಿಗೆ ಹೋಗಬೇಕು. ಅಕ್ಕ ಸಂತೇಬೆನ್ನೂರಿನಿಂದ ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಿದ್ದಳು. ನನಗಿಂತ ಒಂಬತ್ತು ವರ್ಷ ದೊಡ್ಡವಳು. ನನ್ನನ್ನು ಪಿಯುಸಿ ಮುಗಿದ ವಾರವೇ ಈ ಆಫೀಸಿಗೆ ಕರೆತಂದು ಕೂರಿಸಿದವಳೂ ಅವಳೇ.

ಅವತ್ತು ಬೆಳಿಗ್ಗೆ ಸಂಪಾದಕರು ಒಂದು ಮಾತು ಹೇಳಿದ್ದರು. ಪೇಜ್ ಮಾಡುವ ಸಾಫ್ಟ್‌ವೇರಿನ ಹೊಸ ಆವೃತ್ತಿ ಬರುತ್ತಿದೆ. ಸುದ್ದಿ, ಫೋಟೋ ಎಲ್ಲ ಒಂದು ಫೋಲ್ಡರಿಗೆ ಹಾಕಿದರೆ ಸಾಕು, ಅದು ತಾನೇ ಪುಟ ಜೋಡಿಸಿಕೊಡುತ್ತದೆಯಂತೆ. ನನಗೆ ಗಾಬರಿಯಾಗಿತ್ತು. ಅಕ್ಕನಿಗೆ ಆಗಿರಲಿಲ್ಲ.

"ಬರ್ಲಿ ಬಿಡೇ. ಜಗಳೂರು ವರದಿಗಾರರ ಹತ್ರ ಬೈಸ್ಕಳಾಕೆ ಅದಕ್ಕೆ ಬರುತ್ತಾ ಕೇಳು" ಎಂದಳು.

ಐದೂ ಹತ್ತಕ್ಕೆ ಜಗಳೂರು ಬಂತು, ಬಿಟ್ಟ ಜಾಗಕ್ಕಿಂತ ಎರಡರಷ್ಟು ಉದ್ದ. ಅಕ್ಕ ಕತ್ತರಿಸಿದಳು, ತುಂಬಿದಳು, ಕಳಿಸಿದಳು. ಆರರ ಬಸ್ಸು ಹತ್ತಿ ಹೋದಳು. ಮಾರನೆಯ ಬೆಳಗಿನ ಜಾವ ಎದೆನೋವು ಬಂದು, ಆಸ್ಪತ್ರೆ ತಲುಪುವ ಮೊದಲೇ ತೀರಿಕೊಂಡಳು.

ಹನ್ನೊಂದನೇ ದಿನದ ಶಿವಗಣಾರಾಧನೆ ಮುಗಿಸಿಕೊಂಡು ನಾನು ಆಫೀಸಿಗೆ ಹೋದೆ. ಅಷ್ಟು ದಿನ ಪುಟಗಳನ್ನು ದಾವಣಗೆರೆಯ ಪ್ರೆಸ್ಸಿನವರೇ ಮಾಡಿಕೊಂಡಿದ್ದರು. ಆ ಪುಟಗಳಲ್ಲಿ ತಪ್ಪೇನೂ ಇರಲಿಲ್ಲ, ಆದರೆ ನ್ಯಾಮತಿಗೆ ಸೇರಿದ ಸವಳಂಗವನ್ನು ಎರಡು ಸಲ ಹೊನ್ನಾಳಿಯ ಸುದ್ದಿಗೆ ಸೇರಿಸಿದ್ದರು. ನ್ಯಾಮತಿ ತಾಲ್ಲೂಕಾದ ಮೇಲೆ ಅಲ್ಲಿಯವರು ಇಂಥದ್ದನ್ನು ಸಹಿಸುವುದಿಲ್ಲ. ಹೊನ್ನಾಳಿಯ ಹೆಡ್ಡಿಂಗಿಗಿಂತ ತಮ್ಮದು ಒಂದು ಎಳೆ ತೆಳ್ಳಗಾದರೂ ಫೋನ್ ಬರುತ್ತದೆ.

ಸಂಪಾದಕರು ಮೃದು ಮನುಷ್ಯ. ಹೇಳುವುದನ್ನು ಕಿಟಕಿಯ ಕಡೆ ನೋಡಿಕೊಂಡು ಹೇಳಿದರು.

"ಒಂದು ತಿಂಗಳು ನೀನೇ ಮಾಡಿ ನೋಡಮ್ಮ. ಆಗ್ಲಿಲ್ಲ ಅಂದ್ರೆ ಪೇಜ್ ಪೂರ್ತಿ ದಾವಣಗೆರೆಗೆ ಕೊಟ್ಬಿಡ್ತೀನಿ. ಈ ಕೋಣೆ ಬಿಡೋದು. ಟೈಪಿಂಗ್ ನೀನು ಮನೇಲೇ ಮಾಡ್ಬೋದು."

ಕೋಣೆ ಎಂದರೆ ಅಕ್ಕನ ಮೇಜು, ಅಕ್ಕನ ಕುರ್ಚಿ, ಅಕ್ಕ ಮೊಳೆ ಹೊಡೆದು ನೇತುಹಾಕಿದ್ದ ಕ್ಯಾಲೆಂಡರು. ಸಂತೇಬೆನ್ನೂರಿನ ಮನೆ ಭಾವನದು. ಅಕ್ಕ ಎಂದು ನಾನು ಹೋಗಿ ಕೂರಬಹುದಾದ ಜಾಗ ಇದೊಂದೇ. ಅದನ್ನು ಅವರಿಗೆ ಹೇಳಲಿಲ್ಲ. ಆಗಲಿ ಸಾರ್ ಎಂದೆ.

ಹೊಸ ಸಾಫ್ಟ್‌ವೇರನ್ನು ಕಂಪನಿಯವರು ಫೋನಿನಲ್ಲೇ, ನಮ್ಮ ಪರದೆಯನ್ನು ಅವರ ಕಡೆ ತೆರೆದುಕೊಂಡು ಹಾಕಿಕೊಟ್ಟರು. ಅದು ಮಾಡುವ ಕೆಲಸ ನೋಡಿ ನನಗೆ ಒಂದು ವಾರ ನಗುವೇ ಬರುತ್ತಿತ್ತು. ಫೋಟೋ ಕೊಟ್ಟರೆ ಮುಖ ಎಲ್ಲಿದೆ ಎಂದು ತಾನೇ ಹುಡುಕಿ ಸುತ್ತಲಿನದನ್ನು ಕತ್ತರಿಸುತ್ತದೆ. ಹೆಡ್ಡಿಂಗ್ ಉದ್ದವಾದರೆ ಅಕ್ಷರ ಕುಗ್ಗಿಸುತ್ತದೆ. ಸುದ್ದಿ ಹೆಚ್ಚಾದರೆ ಎಷ್ಟು ಸಾಲು ಹೆಚ್ಚು ಎಂದು ಕೆಂಪಾಗಿ ತೋರಿಸುತ್ತದೆ. ಒಂದೇ ಪುಟಕ್ಕೆ ಮೂರು ಜೋಡಣೆ ಮಾಡಿ, ಯಾವುದು ಬೇಕೋ ಆರಿಸಿಕೊ ಎನ್ನುತ್ತದೆ, ಸೀರೆ ಅಂಗಡಿಯವರು ಹರವಿದ ಹಾಗೆ. ಅಕ್ಕ ಒಂದೂವರೆ ಗಂಟೆ ಮಾಡುತ್ತಿದ್ದ ಪುಟ ನಾಲ್ಕು ನಿಮಿಷಕ್ಕೆ ಎದುರಿಗಿರುತ್ತಿತ್ತು.

ಇನ್ನೊಂದು ಸೌಲಭ್ಯವಿತ್ತು. ಹಳೆಯ ಪುಟಗಳನ್ನು ಕೊಟ್ಟರೆ ಅವನ್ನು ನೋಡಿ ನಮ್ಮ ಪತ್ರಿಕೆಯ ರೀತಿಯನ್ನು ಕಲಿಯುತ್ತದೆ. ನಾನು ಅಕ್ಕ ಮಾಡಿದ ಎರಡು ವರ್ಷದ ಪುಟಗಳನ್ನು ಕೊಟ್ಟೆ. ಒಂದು ರಾತ್ರಿ ಅದು ಓದಿಕೊಂಡಿತು. ಮರುದಿನ ಗುಂಡಿ ಒತ್ತಿದಾಗ ಬಂದ ಪುಟ ನೋಡಿ ನಾನು ಕುರ್ಚಿಯಿಂದ ಎದ್ದು ನಿಂತೆ. ಬಲಗಡೆ ಮೇಲೆ ಎರಡು ಕಾಲಂ ಫೋಟೋ, ಅದರ ಕೆಳಗೆ ತೆಳ್ಳನೆಯ ಗೆರೆ, ಎಡಗಡೆ ಸಣ್ಣ ಸುದ್ದಿಗಳ ಸಾಲು, ಮಾರುಕಟ್ಟೆ ಧಾರಣೆಯ ಬಾಕ್ಸು ಮಡಿಕೆ ಬೀಳುವ ಜಾಗದಿಂದ ಒಂದು ಬೆರಳು ಕೆಳಗೆ. ಅದು ಅಕ್ಕನ ಪುಟ. ಸಂಪಾದಕರು ಬಂದು ನೋಡಿದರು, ಹೋಗಿ ಇಬ್ಬರಿಗೂ ಚಹಾ ತರಿಸಿದರು.

ಅದಾದ ನಾಲ್ಕನೇ ದಿನ ಜಗಳೂರಿನ ವರದಿಗಾರರು ಫೋನ್ ಮಾಡಿದರು. ಅಕ್ಕ ಹೋದ ಮೇಲೆ ಅವರು ಪಾಪ, ನನಗೆ ತೊಂದರೆಯಾಗಬಾರದೆಂದು ಮಧ್ಯಾಹ್ನ ಎರಡಕ್ಕೇ ಸುದ್ದಿ ಕಳಿಸಲು ಶುರುಮಾಡಿದ್ದರು. ಆದರೂ ಅವರ ಸುದ್ದಿ ದಿನಾ ಕೆಳಗಿನ ಬಲಮೂಲೆಯಲ್ಲೇ ಬರುತ್ತಿತ್ತು.

"ಅಲ್ಲಮ್ಮ, ನಿಮ್ಮಕ್ಕ ಹೋದ್ರೂ ನಮ್ಮ ಊರು ಕೆಳಗೇ ಐತಲ್ಲ. ಯಾರಿಗೆ ಹೇಳಿ ಹೋಗ್ಯಾರೆ?"

ನಾನು ನಕ್ಕೆ. ಅವರೂ ನಕ್ಕರು. ಜಗಳೂರು ತಡವಾಗಿ ಬರುತ್ತಿತ್ತು, ಅದಕ್ಕೇ ಅಕ್ಕ ಮೂಲೆಗೆ ಹಾಕುತ್ತಿದ್ದಳು. ಯಂತ್ರ ಮೂಲೆಯನ್ನು ಕಲಿತಿತ್ತು, ತಡವಾಗಿದ್ದನ್ನು ಕಲಿತಿರಲಿಲ್ಲ. ಅವತ್ತು ನಾನು ಕೈಯಿಂದಲೇ ಜಗಳೂರನ್ನು ಮೇಲಕ್ಕೆ ತಂದೆ. ಆದರೆ ಅದು ಇನ್ನೂ ಏನೇನನ್ನು ಹೀಗೆ ಕಲಿತಿರಬಹುದು ಎಂದು ಯೋಚಿಸಲಿಲ್ಲ. ಅದು ನನ್ನ ತಪ್ಪು.

ತಿಂಗಳು ಮುಗಿಯಲು ಆರು ದಿನವಿತ್ತು. ಸವಳಂಗದಿಂದ ಒಂದು ಫೋಟೋ ಬಂತು. ನಿವೃತ್ತ ಮೇಷ್ಟ್ರೊಬ್ಬರಿಗೆ ಸನ್ಮಾನ. ನಮ್ಮ ಕಡೆ ಸನ್ಮಾನದ ಫೋಟೋ ಎಂದರೆ ಸನ್ಮಾನ ಮಾಡಿದ ಹತ್ತು ಜನ ಮುಂದೆ, ಮಾಡಿಸಿಕೊಂಡವರು ಹಾರ ಶಾಲಿನ ಮಧ್ಯೆ ಎಲ್ಲೋ ಹಿಂದೆ. ಅಕ್ಕನ ಎರಡು ವರ್ಷದ ಪುಟಗಳಲ್ಲಿ ಹಾರ ಹಾಕಿಕೊಂಡು ಒಬ್ಬರೇ ಇರುವ ಫೋಟೋ ಎಂದರೆ ಅದು ತೀರಿಕೊಂಡವರದು. ಅವರಿಗೆ ಕಪ್ಪು ಗೆರೆಯ ಚೌಕಟ್ಟು, ಎರಡು ಕಡೆ ಉರಿಯುವ ದೀಪದ ಚಿತ್ರ. ಆದರೆ ಈ ಫೋಟೋದಲ್ಲಿ ಮೇಷ್ಟ್ರು ಒಬ್ಬರೇ ಇದ್ದರು, ಎದೆ ತುಂಬ ಹಾರ, ಗಂಭೀರವಾದ ಮುಖ.

ನಾನು ಗಡಿಯಾರ ನೋಡುತ್ತಿದ್ದೆ. ಮೂರು ಜೋಡಣೆಗಳಲ್ಲಿ ಎರಡನೆಯದನ್ನು ಆರಿಸಿ, ಹೆಡ್ಡಿಂಗುಗಳನ್ನಷ್ಟೇ ಓದಿ ಕಳಿಸಿದೆ. 'ನಿವೃತ್ತ ಶಿಕ್ಷಕರಿಗೆ ಸನ್ಮಾನ'. ಹೆಡ್ಡಿಂಗಿನಲ್ಲಿ ತಪ್ಪೇನಿದೆ? ಮಾರನೆಯ ಬೆಳಿಗ್ಗೆ ಪತ್ರಿಕೆ ಬಿಡಿಸಿದಾಗ, ಆ ಹೆಡ್ಡಿಂಗಿನ ಮೇಲೆ, ಕಪ್ಪು ಚೌಕಟ್ಟಿನಲ್ಲಿ, ಎರಡು ದೀಪಗಳ ನಡುವೆ ಮೇಷ್ಟ್ರು ಕೂತಿದ್ದರು.

ನಾನು ಆಫೀಸಿನ ಬಾಗಿಲು ತೆರೆಯುವ ಹೊತ್ತಿಗೆ ಸಂಪಾದಕರ ಫೋನು ಬಿಡುವಿಲ್ಲದೆ ಬಡಿದುಕೊಳ್ಳುತ್ತಿತ್ತು. ಅವರು ನನ್ನನ್ನು ನೋಡಿ ತಲೆ ಅಲ್ಲಾಡಿಸಿದರು, ಅಷ್ಟೆ. ನಾನು ಅಕ್ಕನ ಕುರ್ಚಿಯಲ್ಲಿ ಕೂತು ಕ್ಯಾಲೆಂಡರ್ ಬಿಚ್ಚಿಕೊಳ್ಳುವುದೋ ಬೇಡವೋ ಎಂದು ಯೋಚಿಸುತ್ತಿದ್ದೆ.

ಹನ್ನೊಂದಕ್ಕೆ ಸವಳಂಗದ ಬಸ್ಸಿನಿಂದ ಇಳಿದು ಮೇಷ್ಟ್ರೇ ಬಂದರು. ಇಸ್ತ್ರಿ ಹಾಕಿದ ಬಿಳಿ ಶರ್ಟು, ಜೇಬಿನಲ್ಲಿ ಎರಡು ಪೆನ್ನು, ಕಂಕುಳಲ್ಲಿ ಪತ್ರಿಕೆ. ನಾನು ಎದ್ದು ನಿಂತೆ. ಅವರು ಎದುರಿನ ಸ್ಟೂಲಿನಲ್ಲಿ ಕೂತು ನೀರು ಕೇಳಿದರು. ಚೊಂಬು ಕೊಟ್ಟೆ.

ಬೆಳಗಿನಿಂದ ಆದದ್ದನ್ನೆಲ್ಲ ಅವರು ಪಾಠ ಹೇಳುವ ಹಾಗೆ ಕ್ರಮವಾಗಿ ಹೇಳಿದರು. ಅಂಗಳದಲ್ಲಿ ಹಲ್ಲುಜ್ಜುತ್ತಿದ್ದಾಗ ಪಕ್ಕದ ಅಡಿಕೆ ವ್ಯಾಪಾರಿ ಬರಿಗಾಲಲ್ಲಿ, ತಲೆ ತಗ್ಗಿಸಿಕೊಂಡು ಬಂದರಂತೆ. ಇವರನ್ನೇ ನೋಡಿ, ಎಷ್ಟೊತ್ತಿಗೆ ಆಯಿತು ಎಂದು ಕೇಳಿದರಂತೆ. ಆಮೇಲೆ ಹೊನ್ನಾಳಿಯಿಂದ ಭಾವಮೈದ ಗಾಡಿ ಮಾಡಿಕೊಂಡು ಹಾರ ಸಮೇತ ಬಂದಿಳಿದ. ತಂದ ಹಾರ ಯಾಕೆ ವ್ಯರ್ಥ ಮಾಡುವುದೆಂದು ಇವರ ಕೊರಳಿಗೇ ಹಾಕಿ, ತಿಂಡಿ ತಿಂದು ಹೋದ. ಮೇಷ್ಟ್ರ ಹೆಂಡತಿಯಂತೂ ಬೆಳಗಿನಿಂದ ನಗುತ್ತಲೇ ಇದ್ದಾರಂತೆ. ಹೆಡ್ಡಿಂಗನ್ನು ಮಾತ್ರ ಒಬ್ಬರೂ ಓದಿರಲಿಲ್ಲ.

ಒಬ್ಬರೇ ಇರುವ ಫೋಟೋ ಯಾಕೆ ಕಳಿಸಿದಿರಿ ಎಂದು ಮೆಲ್ಲಗೆ ಕೇಳಿದೆ.

"ಸನ್ಮಾನ ಸಮಿತಿಯೋರನ್ನ ನಾನೇ ಫೋನಲ್ಲಿ ಕತ್ತರಿಸಿ ಹಾಕಿದ್ದು. ಶಾಲು ನನಗೆ ಹೊದಿಸಿ ಫೋಟೋ ಅವರು ತೆಗೆಸ್ಕೊಂಡ್ರೆ ಹೆಂಗಮ್ಮ?" ಎಂದರು. ಮತ್ತೆ ಪತ್ರಿಕೆ ಬಿಡಿಸಿ ನೋಡಿಕೊಂಡರು. "ನಾನು ಸತ್ತಿಲ್ಲ ಅಂತ ಹೇಳಾಕೆ ಬಂದಿಲ್ಲ, ಅದು ನನಗೆ ಗೊತ್ತೈತೆ. ಫೋಟೋ ಚೆನ್ನಾಗಿ ಬಂದೈತೆ. ದೀಪ ತೆಗೆದು ಇನ್ನೊಂದ್ಸಲ ಹಾಕ್ರಿ."

ಅಷ್ಟರಲ್ಲಿ ಸಂಪಾದಕರು ಒಳಗಿನಿಂದ ಕೈಮುಗಿದುಕೊಂಡೇ ಬಂದರು. ಇನ್ನು ಮುಂದೆ ಪುಟಗಳು ದಾವಣಗೆರೆಯಲ್ಲೇ ಆಗುತ್ತವೆ, ಹೀಗೆ ಮತ್ತೆ ಆಗುವುದಿಲ್ಲ ಎಂದು ಮೇಷ್ಟ್ರಿಗೆ ಭರವಸೆ ಕೊಟ್ಟರು. ನಾನು ನೆಲ ನೋಡುತ್ತಾ ನಿಂತಿದ್ದೆ.

ಮೇಷ್ಟ್ರು ಚೊಂಬು ಕೆಳಗಿಟ್ಟರು.

"ಅಲ್ಲಿ ಹಿಂಗಾದ್ರೆ ನಾನು ಯಾರ ಹತ್ರ ಹೋಗ್ಲಿ ಹೇಳ್ರಿ? ಇಲ್ಲಾದ್ರೆ ಬಸ್ಸು ಹತ್ತಿದೆ, ಬಂದೆ, ನೀರು ಕೊಟ್ರು, ಬೈದೆ."

"ನೀವಿನ್ನೂ ಬೈದೇ ಇಲ್ವಲ್ಲ ಮೇಷ್ಟ್ರೇ" ಎಂದರು ಸಂಪಾದಕರು.

"ಬೈತೀನಿ ತಡೀರಿ. ಅದಕ್ಕೇ ಬಂದಿರೋದು."

ಆದರೆ ಬೈಯಲಿಲ್ಲ. ಮೊದಲು ಇಲ್ಲಿ ಒಬ್ಬರಿದ್ದರಲ್ಲ, ಫೋನಿನಲ್ಲಿ ಗಟ್ಟಿಯಾಗಿ ಮಾತಾಡುವವರು, ಅವರೆಲ್ಲಿ ಎಂದು ಕೇಳಿದರು. ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಪತ್ರಿಕೆಗೆ ಅವರು ಆಗಾಗ ಪತ್ರ ಬರೆಯುತ್ತಿದ್ದರಂತೆ, ರಸ್ತೆ ಗುಂಡಿ, ಬಸ್ಸು, ಇಂಥದ್ದರ ಬಗ್ಗೆ.

"ಜಾಗ ಇಲ್ಲ, ಯಾವ ಮೂರು ಸಾಲು ತೆಗೀಲಿ ಅಂತ ನನಗೇ ಫೋನ್ ಮಾಡಿ ಕೇಳೋರು. ನಾನು ಒಂದೂ ತೆಗೀಬೇಡ್ರಿ ಅನ್ನೋನು. ಅವರು ಮೂರೂ ತೆಗೆಯೋರು." ಕನ್ನಡಕ ಮತ್ತೆ ಹಾಕಿಕೊಂಡು, "ಸರಿಯಾದ ಮೂರೇ ತೆಗೆಯೋರು" ಎಂದರು.

ಸಂಪಾದಕರು ಅವರನ್ನು ಬಸ್ ನಿಲ್ದಾಣದವರೆಗೆ ಬಿಟ್ಟುಬಂದರು. ನಾನು ಮಾತು ಕಡಿಮೆಯವಳು, ಆದರೆ ಅವತ್ತು ಅವರು ಬಾಗಿಲಲ್ಲಿ ಚಪ್ಪಲಿ ಬಿಡುವ ಮೊದಲೇ ಹೇಳಿದೆ. ಯಂತ್ರ ಅಕ್ಕನ ಪುಟಗಳನ್ನು ಕಲಿತಿದೆ, ಅಕ್ಕನ ಕಾರಣಗಳನ್ನು ಕಲಿತಿಲ್ಲ. ಕಾರಣ ನನಗೆ ಗೊತ್ತು, ಹತ್ತಿರವೇ ಕೂತು ನೋಡಿದ್ದೇನೆ. ಎರಡು ದಿನ ಕೊಡಿ ಸಾರ್ ಎಂದೆ. ಅವರು ಹೂಂ ಎನ್ನಲಿಲ್ಲ, ಉಹೂಂ ಎನ್ನಲೂ ಇಲ್ಲ.

ಕಂಪನಿಯವರಿಗೆ ಫೋನ್ ಮಾಡಿದೆ. ಆ ಕಡೆಯವರಿಗೆ ಹಾರದ ವಿಷಯ ಅರ್ಥ ಮಾಡಿಸುವುದಕ್ಕೇ ಕಾಲು ಗಂಟೆ ಹಿಡಿಯಿತು. ಬದುಕಿದ್ದವರಿಗೂ ಹಾರ ಹಾಕುತ್ತೀರಾ, ಹಾಗಾದರೆ ವ್ಯತ್ಯಾಸ ಹೇಗೆ ತಿಳಿಯುವುದು ಎಂದು ಕೇಳಿದರು. ಓದಿ ತಿಳಿಯಬೇಕು ಎಂದೆ. ಕೊನೆಗೆ ದಾರಿ ಸಿಕ್ಕಿತು. ಯಾವ ಚೌಕಟ್ಟನ್ನು ಬೇಕಾದರೂ ಬೀಗ ಹಾಕಿಡಬಹುದು. ಈಗ ದೀಪದ ಚೌಕಟ್ಟು ತಾನಾಗಿ ತೆರೆಯುವುದಿಲ್ಲ. ತೀರಿಕೊಂಡವರ ಹೆಸರನ್ನು ನಾನು ಕೈಯಾರೆ ಟೈಪ್ ಮಾಡಿದರೆ ಮಾತ್ರ ತೆರೆಯುತ್ತದೆ. ಜಗಳೂರಿನ ಮೂಲೆಯನ್ನೂ ಬಿಡಿಸಿದೆ. ನ್ಯಾಮತಿಗೂ ಹೊನ್ನಾಳಿಗೂ ಒಂದೇ ದಪ್ಪದ ಹೆಡ್ಡಿಂಗ್ ಕಟ್ಟಿಹಾಕಿದೆ. ಮೇಷ್ಟ್ರ ಫೋಟೋ ಮತ್ತೆ ಬಂತು, ಮೂರು ಕಾಲಂ, ದೀಪವಿಲ್ಲದೆ. ಅವರು ಹತ್ತು ಪ್ರತಿ ತರಿಸಿಕೊಂಡರೆಂದು ಏಜೆಂಟರು ಹೇಳಿದರು. ಸಮಿತಿಯ ಹತ್ತು ಜನಕ್ಕೂ ಒಂದೊಂದು ಕಳಿಸಿಕೊಟ್ಟರಂತೆ.

ತಿಂಗಳು ಮುಗಿದ ದಿನ ಸಂಪಾದಕರು ದಾವಣಗೆರೆಯ ಮಾತೆತ್ತಲಿಲ್ಲ. ಮಾರನೆಯ ದಿನವೂ ಎತ್ತಲಿಲ್ಲ. ಮೂರನೆಯ ದಿನ ತಡೆಯಲಾರದೆ ನಾನೇ ಕೇಳಿದೆ, ದಾವಣಗೆರೆಯದು ಏನಾಯಿತು ಸಾರ್ ಎಂದು.

"ಯಾವ ದಾವಣಗೆರೆ?" ಎಂದರು, ಕಿಟಕಿಯ ಕಡೆ ನೋಡುತ್ತಾ. "ಅಲ್ಲಿ ಮಳೆಯೇನಾದ್ರೂ ಬಂತಾ?"

ಇದಾಗಿ ಒಂದು ವರ್ಷವಾಯಿತು. ಕೋಣೆ ಇದೆ, ಮೇಜು ಇದೆ, ನಾನು ಆ ಕುರ್ಚಿಯಲ್ಲೇ ಕೂರುತ್ತೇನೆ. ಯಂತ್ರ ಜೋಡಿಸಿದ ಮೇಲೆ ನಾನು ಪ್ರತಿಯೊಂದು ಸಾಲನ್ನೂ ಓದುತ್ತೇನೆ. ಆದರೂ ನಾಲ್ಕೂವರೆಗೆಲ್ಲ ನಾಲ್ಕು ಪುಟವೂ ಮುಗಿದಿರುತ್ತವೆ. ಐದೂವರೆಯವರೆಗೆ ಒಂದು ಗಂಟೆ ಬಿಡುವು. ಇಷ್ಟು ವರ್ಷ ಅಕ್ಕನಿಗೂ ನನಗೂ ಸಿಗದೆ ಇದ್ದ ಗಂಟೆ ಅದು. ಈಗ ಅದು ದಿನಾ ಸಿಗುತ್ತದೆ. ಅಕ್ಕ ಇಲ್ಲ.