ಐದನೆಯ ದಿನದ ಮಾತು

ಇಂಥದ್ದನ್ನು ಯಾರಾದರೂ ಹೇಳಿದರೆ ನಾನು ನಕ್ಕು ಬೇರೆ ವಿಷಯ ಎತ್ತುತ್ತಿದ್ದೆ. ಈಗಲೂ ನಂಬುತ್ತೇನೆ ಎನ್ನಲಾರೆ. ನಡೆದದ್ದನ್ನು ಹೇಳಬಲ್ಲೆ, ಅಷ್ಟೆ.

ಮೂರು ವರ್ಷದ ಹಿಂದಿನ ಸಂಗತಿ. ಬ್ಯಾಂಕಿನವರು ವರ್ಗ ಮಾಡಿದ್ದರಿಂದ ಕೋಲ್ಕತ್ತಕ್ಕೆ ಬಂದು ಲೇಕ್ ಗಾರ್ಡನ್ಸ್‌ನಲ್ಲಿ ಮನೆ ಮಾಡಿದ್ದೆವು. ನನ್ನದು ಕುಂದಾಪುರ, ಗಂಡನದು ಮೈಸೂರು. ಮಗಳು ಇಂಚರಾಗೆ ಆಗ ನಾಲ್ಕು ವರ್ಷ. ಮನೆಯಲ್ಲಿ ಆಡುವ ಮೈಸೂರು ಕನ್ನಡ ಅವಳಿಗೆ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಶಿಶುವಿಹಾರದಲ್ಲಿ ಕಲಿತ ಹಿಂದಿಯಲ್ಲಿ.

ಅವಳಿಗೆ ಜ್ವರ ಬಂತು. ಹತ್ತಿರದ ವೈದ್ಯರು ವೈರಲ್ ಎಂದರು. ಸಿರಪ್ ಕೊಟ್ಟರೆ ಸ್ವಲ್ಪ ಇಳಿದು ಮತ್ತೆ ಏರುತ್ತಿತ್ತು. ಮೂರನೆಯ ದಿನ ಕಣ್ಣು ಕೆಂಪಾದವು, ಆದರೆ ಕಣ್ಣಿಗೆ ಪಿಸುರು ಕಟ್ಟಿರಲಿಲ್ಲ. ತುಟಿ ಒಡೆಯಿತು. ಬೆನ್ನ ಮೇಲೆ ದದ್ದು ಎದ್ದಾಗ ಬೆವರುಸಾಲೆ ಅಂದುಕೊಂಡೆವು. ಆಮೇಲೆ ಅಂಗೈಗಳೂ ಊದಿದವು. ಹಣೆಗೆ ಒದ್ದೆ ಬಟ್ಟೆ ಹಾಕುತ್ತಾ ಕೂರುವುದು ಬಿಟ್ಟು ನನಗೆ ಬೇರೇನೂ ತೋಚಲಿಲ್ಲ.

ಐದನೆಯ ದಿನ ಮಧ್ಯಾಹ್ನ ಅವಳು ಕಣ್ಣು ಬಿಟ್ಟು, ನನ್ನನ್ನೇ ನೋಡುತ್ತಾ ಸ್ಪಷ್ಟವಾಗಿ ಹೇಳಿದಳು: "ನನ್ನ ಎದಿ ಕಾಣಿ."

ಎದೆ ನೋಡಿ ಅನ್ನುವುದಕ್ಕೆ ನಮ್ಮೂರಿನ ಮಾತು ಅದು. ನಾನು ಅಮ್ಮನ ಜೊತೆ ಫೋನಿನಲ್ಲಿ ಆಡುವ ಕುಂದಾಪುರ ಕನ್ನಡ ಅವಳ ಕಿವಿಗೆ ಬಿದ್ದಿರಬಹುದು. ಆದರೆ ಎದೆಯ ಸುದ್ದಿ ನಾವು ಯಾವತ್ತು ಆಡಿದ್ದೆವು? ಮತ್ತೆ ಕೇಳಿದರೆ ಅವಳು ಹಿಂದಿಯಲ್ಲಿ ನೀರು ಬೇಡಿದಳು.

ಬಾಲಿಗಂಜ್‌ನ ಮಕ್ಕಳ ವೈದ್ಯೆಯ ಬಳಿಗೆ ಆಗಲೇ ಓಡಿದೆ. ಮಗು ಎದೆ ನೋವು ಅಂದಳೆಂದು ಸುಳ್ಳು ಹೇಳಿದೆ. ಅವರು ಸ್ಟ್ರಾಬೆರಿಯಂತೆ ಕೆಂಪಾಗಿದ್ದ ನಾಲಗೆ ನೋಡಿದರು, ಕುತ್ತಿಗೆಯಲ್ಲಿ ಊದಿದ್ದ ಗಂಟು ಮುಟ್ಟಿದರು. ರಕ್ತನಾಳಗಳು ಊದಿಕೊಳ್ಳುವ ಕಾಯಿಲೆಯಿರಬಹುದು, ಹೃದಯದ ನಾಳಕ್ಕೂ ತಾಗುತ್ತದೆ, ಇವತ್ತೇ ಆಸ್ಪತ್ರೆಗೆ ಸೇರಿಸಿ ಎಂದರು. ಸ್ಕ್ಯಾನಿನಲ್ಲಿ ಹೃದಯದ ಒಂದು ನಾಳ ಆಗಲೇ ತುಸು ಹಿಗ್ಗಿತ್ತು. ಡ್ರಿಪ್ ಹಾಕಿದರು. ಅದು ಹನಿಹನಿಯಾಗಿ ಇಳಿಯುವುದನ್ನು ನೋಡುತ್ತಾ ಕೂತೆವು. ಜ್ವರ ಬಿಟ್ಟಿತು. ಎರಡನೆಯ ವಾರ ಬೆರಳ ತುದಿಯ ಚರ್ಮ ಸುಲಿಯಿತು.

ಆಸ್ಪತ್ರೆಯಿಂದಲೇ ಅಮ್ಮನಿಗೆ ಫೋನಿನಲ್ಲಿ ಎಲ್ಲವನ್ನೂ ಹೇಳಿದೆ. ನನಗೆ, ನಾನು ಹುಟ್ಟುವ ಮೊದಲೇ ಜ್ವರದಲ್ಲಿ ತೀರಿಕೊಂಡ ಅಣ್ಣನೊಬ್ಬನಿದ್ದ. ಅವನ ಬಗ್ಗೆ ಮನೆಯಲ್ಲಿ ಯಾರೂ ಮಾತಾಡುತ್ತಿರಲಿಲ್ಲ.

"ಅವನ ಕಣ್ಣೂ ಹಾಂಗೇ ಕೆಂಪಾಗಿತ್ತ್," ಎಂದರು ಅಮ್ಮ. "ಎದಿ ಕಾಣಿ, ಎದಿ ಕಾಣಿ ಅಂತಿದ್ದ. ನಾವ್ ಕಾಣ್ಲಿಲ್ಲ ಮಗಾ."

ಇಂಚರಾ ಈಗ ಓಡಾಡಿಕೊಂಡಿದ್ದಾಳೆ, ಹೃದಯದ ತಪಾಸಣೆ ನಡೆದೇ ಇದೆ. ಆ ಮಾತು ಅವಳಿಗೆ ನೆನಪಿಲ್ಲ. ಅಮ್ಮ ಮಾತ್ರ ಅಂದಿನಿಂದ ವಾರವಾರವೂ ಫೋನ್ ಮಾಡಿ, ಮಗುವಿಗೆ ಕೊಡು ಅನ್ನುತ್ತಾರೆ. ಇವಳು ಹಿಂದಿಯಲ್ಲಿ ಶಾಲೆಯ ಸುದ್ದಿ ಹೇಳುತ್ತಾಳೆ. ಅಮ್ಮನಿಗೆ ಒಂದಕ್ಷರವೂ ತಿಳಿಯದು. ಆದರೂ ನಡುವೆ ಬಾಯಿ ಹಾಕದೆ, ಆ ಮಾತು ಮತ್ತೆ ಬಂದೀತೇ ಎಂಬಂತೆ ಕೊನೆಯವರೆಗೂ ಕೇಳಿಸಿಕೊಳ್ಳುತ್ತಾರೆ.