ರಾಚೆಸ್ಟರ್ ಹಿಲ್ಸ್‌ಗೆ ಒಯ್ದ ಫೋಟೋ

ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ಚಿಕಾಗೋ ಬಿಡುವುದೆಂದು ಮಾತಾಗಿತ್ತು, ಬಿಟ್ಟಾಗ ಹನ್ನೊಂದೂವರೆ. ತಡಕ್ಕೆ ನಾನೇ ಕಾರಣ. ನನ್ನ ಕ್ಯಾಮೆರಾ ಹೆಗಲಿಗೆ ತೂಗಿಹಾಕಿಕೊಳ್ಳುವಂಥದ್ದಲ್ಲ. ದೊಡ್ಡದೊಂದು ಮರದ ಪೆಟ್ಟಿಗೆ, ಮೂರು ಕಾಲಿನ ಸ್ಟ್ಯಾಂಡು, ತಲೆಯ ಮೇಲೆ ಹೊದ್ದುಕೊಳ್ಳುವ ಕಪ್ಪು ಬಟ್ಟೆ, ಒಂದು ಸಲಕ್ಕೆ ಒಂದೇ ಹಾಳೆ ಫಿಲ್ಮು. ಇಷ್ಟನ್ನೂ ಮೂರನೇ ಮಹಡಿಯಿಂದ ಇಳಿಸಿ ಅನಘಾಳ ಪುಟ್ಟ ಕಾರಿಗೆ ತುಂಬುವಷ್ಟರಲ್ಲಿ ಇಬ್ಬರಿಗೂ ಸಾಕೋಸಾಕಾಗಿತ್ತು. "ಶ್ರುತಿ, ನೀನು ಮನೆ ಖಾಲಿ ಮಾಡ್ತಿದೀಯಾ, ಆರ್ ವಾಟ್?" ಎಂದಳು ಅವಳು.

ನಾನು ಮೈಸೂರಿನವಳು. ಚಿಕಾಗೋದಲ್ಲಿ ಫೋಟೋಗ್ರಫಿ ಓದುತ್ತಿದ್ದೇನೆ, ಇದು ಕೊನೆಯ ಸೆಮಿಸ್ಟರ್. ಅನಘಾ ನನ್ನ ರೂಮ್‌ಮೇಟ್; ಹುಟ್ಟಿ ಬೆಳೆದದ್ದೆಲ್ಲ ಮಿಶಿಗನ್ನಿನ ರಾಚೆಸ್ಟರ್ ಹಿಲ್ಸ್‌ನಲ್ಲಿ. ಕೊನೆಯ ಪ್ರಾಜೆಕ್ಟಿನ ಪ್ರದರ್ಶನಕ್ಕೆ ನಾನು ಆರಿಸಿಕೊಂಡದ್ದು ಗೆಳೆಯರ ಮತ್ತು ಅವರ ಮನೆಯ ಹಿರಿಯರ ಭಾವಚಿತ್ರಗಳನ್ನು. ಹತ್ತು ಬೇಕಿತ್ತು, ಎಂಟು ಆಗಿತ್ತು. ಉಳಿದ ಇಬ್ಬರೆಂದರೆ ಅನಘಾ, ಮತ್ತೆ ಆನ್ ಆರ್ಬರಿನಲ್ಲಿ ಸಂಶೋಧನೆ ಮಾಡುತ್ತಿರುವ ಹುಬ್ಬಳ್ಳಿಯ ಬಸು. ಆದರೆ ಈ ಪ್ರಯಾಣದ ನಿಜವಾದ ಉದ್ದೇಶ ಹಿಂದಿನ ಸೀಟಿನಲ್ಲಿ ಕಂಬಳಿ ಸುತ್ತಿಕೊಂಡು ಕೂತಿತ್ತು. ಅದು ಅನಘಾಳ ಅಪ್ಪ ನಾಗರಾಜ್ ಅಂಕಲ್ ಅವರ ಫೋಟೋ. ಕಳೆದ ಅಕ್ಟೋಬರಿನಲ್ಲಿ ಅವರು ಮಗಳನ್ನು ನೋಡಲು ಬಂದಾಗ ನಮ್ಮ ಕಿಟಕಿಯ ಪಕ್ಕ ಕೂರಿಸಿ ತೆಗೆದದ್ದು. ನನ್ನ ಮೇಷ್ಟ್ರು ಅದನ್ನು ಎಲ್ಲದರ ನಡುವೆ ಇಟ್ಟು, "ಇದಿಲ್ಲದಿದ್ದರೆ ನಿನ್ನ ಪ್ರದರ್ಶನವೇ ಇಲ್ಲ" ಅಂದಿದ್ದರು. ಪ್ರದರ್ಶನದ ಗೋಡೆಗೆ ಹಾಕಬೇಕೆಂದರೆ ಅವರ ಸಹಿ ಇರುವ ಒಪ್ಪಿಗೆ ಪತ್ರ ಬೇಕು. "ಪ್ರಿಂಟ್ ತಂದು ತೋರಿಸು, ಸೈನ್ ಹಾಕ್ತೀನಿ" ಎಂದಿದ್ದರು ಅಂಕಲ್. ಅಷ್ಟರಲ್ಲಿ ಜನವರಿಯಲ್ಲಿ ಅವರಿಗೆ ಬೈಪಾಸ್ ಆಪರೇಷನ್ ಆಯಿತು. ಈಗ ಏಪ್ರಿಲ್. ಚೆಂದದ ಫ್ರೇಮು ಹಾಕಿಸಿ, ಬೇಗ ಹುಷಾರಾಗಿ ಎನ್ನುವ ಉಡುಗೊರೆಯಂತೆ ಕೊಡುವುದೆಂದು ನಾನೇ ಯೋಚಿಸಿದ್ದು.

ಇಂಡಿಯಾನಾದ ಉಕ್ಕಿನ ಕಾರ್ಖಾನೆಗಳನ್ನು ದಾಟಿ, ಸರೋವರದ ಬುಡವನ್ನು ಬಳಸಿ ಮಿಶಿಗನ್ ಸೇರುವಾಗ, ಅಲ್ಲಿನ ಸಮಯ ಮುಂದಿರುವುದರಿಂದ, ಗಡಿಯಾರದಲ್ಲಿ ಒಂದು ಗಂಟೆ ಕಳೆದುಹೋಯಿತು. ಕಲಮಜೂ ಹತ್ತಿರ ಮಳೆಯೋ ಹಿಮವೋ ಗೊತ್ತಾಗದ್ದು ಗಾಜಿಗೆ ಬಡಿಯಿತು, ಫ್ಯಾರನ್‌ಹೀಟ್ ಲೆಕ್ಕದಲ್ಲಿ ಮೂವತ್ತಾರು ಡಿಗ್ರಿಯ ಚಳಿ. ರೆಸ್ಟ್ ಏರಿಯಾದಲ್ಲಿ ಕಾರಿನೊಳಗೇ ಕೂತು ಡಬ್ಬಿಯ ಚಿತ್ರಾನ್ನ ತಿಂದೆವು. ಸುಮಾರು ಮುನ್ನೂರು ಮೈಲಿ ಮುಗಿಸಿ ಮನೆಯ ಮುಂದೆ ಇಳಿದಾಗ ಆರೂವರೆ, ಇನ್ನೂ ಬೆಳಕಿತ್ತು.

ಅನಘಾಳ ಅಮ್ಮ ಗಾಯತ್ರಿ ಆಂಟಿ ಬಾಗಿಲಲ್ಲೇ ನಿಂತಿದ್ದರು. "ಬಾಮ್ಮ, ಎಷ್ಟು ಸೊರಗಿದೀಯ, ಊಟ ಗೀಟ ಮಾಡ್ತೀರೋ ಇಲ್ವೋ ಇಬ್ರೂ" ಎಂದು ಒಳಗೆ ಕರೆದುಕೊಂಡರು. ಅಂಕಲ್ ಸೋಫಾದಿಂದ ನಿಧಾನ ಎದ್ದರು. ಬಹಳ ತೆಳ್ಳಗಾಗಿದ್ದರು. ನಾನು ತಡೆಯಲಾರದೆ ಚಪ್ಪಲಿ ಬಿಟ್ಟ ಕೂಡಲೇ ಫ್ರೇಮನ್ನು ತಂದು ಆಂಟಿಯ ಕೈಗೆ ಕೊಟ್ಟೆ. ಅವರು ನಗುತ್ತಾ ಕಂಬಳಿ ಬಿಡಿಸಿದರು. ನಗು ಅಲ್ಲೇ ನಿಂತುಹೋಯಿತು.

"ಇದನ್ನ ಯಾಕಮ್ಮ ತಂದೆ?"

ಅವರು ಫೋಟೋ ಮೇಲೆ ಕಂಬಳಿ ಮುಚ್ಚಿ, ಅಂಕಲ್ ಕಡೆ ನೋಡದೆ, "ಒಳಗೆ ಬೇಡ. ಕಾರಲ್ಲೇ ಇಟ್ಬಿಡು" ಎಂದರು.

"ಅಮ್ಮ, ವಾಟ್ಸ್ ರಾಂಗ್? ಇಟ್ಸ್ ಬ್ಯೂಟಿಫುಲ್!" ಎಂದಳು ಅನಘಾ. ಆಂಟಿ ಅಡಿಗೆಮನೆಗೆ ಹೊರಟುಹೋದರು.

ಫ್ರೇಮನ್ನು ಎತ್ತಿಕೊಂಡು ಕಾರಿನ ಕಡೆ ನಡೆಯುವಾಗ ನನಗೆ ಬುದ್ಧಿ ಬಂತು. ಕಪ್ಪು ಬಿಳುಪು. ಮುಖ ಮತ್ತು ಭುಜ ಮಾತ್ರ. ಒಬ್ಬರೇ. ಹಿಂದೆ ಕಪ್ಪು ಬಟ್ಟೆ, ಸುತ್ತ ಕಪ್ಪು ಚೌಕಟ್ಟು, ನಗದೆ ನೇರವಾಗಿ ನೋಡುತ್ತಿರುವ ಕಣ್ಣು. ನಮ್ಮ ಮನೆಗಳಲ್ಲಿ ಇಂಥ ಫೋಟೋ ಯಾರದ್ದು ಇರುತ್ತದೆಂದು ಮೈಸೂರಿನ ಮಗುವಿಗೂ ಗೊತ್ತು. ನಮ್ಮ ಹಾಲ್‌ನಲ್ಲಿ ತಾತ ಹೀಗೇ ಇದ್ದಾರೆ, ಮೇಲೊಂದು ಗಂಧದ ಹಾರ, ಕೆಳಗೊಂದು ಕೆಂಪು ಬಲ್ಬು. ಎದೆ ಸೀಳಿಸಿಕೊಂಡು ಬದುಕಿ ಬಂದ ಮನುಷ್ಯನ ಮನೆಗೆ ನಾನು ಅದನ್ನು, ಹಾರವೊಂದನ್ನು ಬಿಟ್ಟು, ಉಡುಗೊರೆಯೆಂದು ಹೊತ್ತು ತಂದಿದ್ದೆ. ಓದಿ ಓದಿ ಮರುಳಾದ ಕೂಚುಭಟ್ಟ ಎಂದು ನಮ್ಮಜ್ಜಿ ಬೈಯುತ್ತಿದ್ದುದು ನನ್ನಂಥವರನ್ನೇ.

ರಾತ್ರಿಯೂಟಕ್ಕೆ ಉಪ್ಪು ಕಮ್ಮಿಯ ಸಾರು, ಹುರುಳಿಕಾಯಿ ಪಲ್ಯ. ಅಂಕಲ್ ಆಬರ್ನ್ ಹಿಲ್ಸ್‌ನ ತಮ್ಮ ಆಫೀಸಿನ ಸುದ್ದಿ ಹೇಳಿದರು; ಕಾರಿನ ಬ್ರೇಕು ವಿನ್ಯಾಸ ಮಾಡುವವರು ಅವರು, ಮುಂದಿನ ತಿಂಗಳು ಕೆಲಸಕ್ಕೆ ಮರಳುತ್ತಾರಂತೆ. ಆಂಟಿ ನನಗೆ ಎರಡನೇ ಸಲ ಅನ್ನ ಬಡಿಸುತ್ತಾ ಮೆಲ್ಲಗೆ ಹೇಳಿದರು: "ಶ್ರುತಿ, ಬೇಜಾರು ಮಾಡ್ಕೋಬೇಡ. ಇವರ ಫೋಟೋ ಎಲ್ಲೂ ಹಾಕೋದು ಬೇಡಮ್ಮ." ಪ್ರದರ್ಶನಕ್ಕೆ ಒಂಬತ್ತು ದಿನ ಉಳಿದಿತ್ತು.

ಮಲಗುವ ಮುಂಚೆ ಅನಘಾಳಿಗೆ ಎಲ್ಲ ಬಿಡಿಸಿ ಹೇಳಿದೆ. ಅವಳು, "ನಂಗೆ ಗೊತ್ತಿರ್ಲಿಲ್ಲ. ಬಟ್ ನಿಂಗೆ ಗೊತ್ತಿತ್ತಲ್ವಾ?" ಎಂದಳು. ನಾನು ದೀಪ ಆರಿಸಿದೆ.

ಶನಿವಾರ ಐವತ್ತು ಮೈಲಿ ದೂರದ ಆನ್ ಆರ್ಬರಿಗೆ ಹೋದೆವು. ಬಿಸಿಲು ಬಂದಿತ್ತು, ವಿದ್ಯಾರ್ಥಿಗಳೆಲ್ಲ ನಲವತ್ತೆಂಟು ಡಿಗ್ರಿಯ ಚಳಿಯಲ್ಲೇ ಚಡ್ಡಿ ಹಾಕಿಕೊಂಡು ಓಡಾಡುತ್ತಿದ್ದರು. ಬಸು ತನ್ನ ಒಂಟಿ ಕೋಣೆಯ ಅಡಿಗೆಕಟ್ಟೆಯ ಮೇಲೆ ಜೋಳದ ರೊಟ್ಟಿ ಬಡಿಯುತ್ತಿದ್ದ. ಪಟಪಟ ಸದ್ದಿಗೆ ಕೆಳಗಿನ ಮನೆಯವರು ಎರಡು ಸಲ ಬಂದು ವಿಚಾರಿಸಿದ್ದಾರಂತೆ. ಹಿಟ್ಟು ಮೆತ್ತಿದ ಕೈಯಲ್ಲೇ ನಿಲ್ಲಿಸಿ ಅವನ ಫೋಟೋ ತೆಗೆದೆ. ಒಂದು ಸೆಕೆಂಡು ಅಲುಗಾಡದೆ ನಿಲ್ಲಬೇಕು ಎಂದರೆ, "ನಮ್ಮ ಗೈಡ್ ಮುಂದ ತಾಸುಗಟ್ಟಲೆ ನಿಂತೀನಿ, ಒಂದು ಸೆಕೆಂಡಿಗೇನ ಅಡ್ಡಿಯಿಲ್ಲ" ಎಂದ.

ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಮುಂದಿಟ್ಟುಕೊಂಡು ನನ್ನ ಅನಾಹುತವನ್ನು ಹೇಳಿದೆ. ಬಸು ನಗುತ್ತಾ ಹಣೆ ಚಚ್ಚಿಕೊಂಡ.

"ಅಲ್ಲವ್ವಾ, ನೀ ಮೈಸೂರಾಕಿ ಆಗಿ ಇಷ್ಟೂ ತಿಳೀಲಿಲ್ಲೇನು? ನಮ್ಮ ಕಡೆ ಆಗಿದ್ರ ಅದರ ಮುಂದ ಊದಿನಕಡ್ಡಿ ಹಚ್ಚಿ ಕೈ ಮುಗೀತಿದ್ರು!"

"ಇವತ್ತೇ ಆಂಟಿಗೆ ಸಾರಿ ಕೇಳ್ತೀನಿ."

ಅವನ ನಗು ನಿಂತಿತು. "ಕೇಳಬ್ಯಾಡ. ನೀ ಸಾರಿ ಅಂದ್ರ, ತಾನು ಯಾಕ ಅಂಜಿದೆ ಅನ್ನೋದನ್ನ ಅವರು ಬಾಯಿ ಬಿಟ್ಟು ಹೇಳಬೇಕಾಗ್ತದ. ಅದನ್ನ ಹೇಳಸಬ್ಯಾಡ. ಸುಮ್ನ ಕಾಯಿಪಲ್ಲೆ ಹೆಚ್ಚಿಕೊಡು."

ಅವನ ಮಾತು ಕೇಳಿದೆ. ಸಂಜೆ ಆಂಟಿಯ ಪಕ್ಕ ನಿಂತು ಎರಡು ಪೌಂಡ್ ಸೊಪ್ಪು ಬಿಡಿಸಿಕೊಟ್ಟೆ. ಅಡಿಗೆಮನೆಯ ಕಿಟಕಿಯಲ್ಲಿ ವಾರದ ಮಾತ್ರೆಗಳ ಡಬ್ಬಿ, ಅದರ ಮೇಲೆ ಅವರ ದುಂಡು ಅಕ್ಷರದಲ್ಲಿ ಸೋಮ, ಮಂಗಳ, ಬುಧ. ಫ್ರಿಜ್ಜಿನ ಬಾಗಿಲಿಗೆ ಬೆಳಿಗ್ಗೆ ಸಂಜೆ ಅಳೆದ ರಕ್ತದೊತ್ತಡದ ಪಟ್ಟಿ. ಒಂದು ಹೊತ್ತೂ ತಪ್ಪಿರಲಿಲ್ಲ. ಅದನ್ನು ನೋಡಿ ನನಗೆ ಪ್ರದರ್ಶನದ ಆಸೆಯೇ ಬತ್ತಿಹೋಯಿತು. ಆ ಒಂದು ಜಾಗ ಖಾಲಿ ಬಿಡುವುದೆಂದು ನಿರ್ಧರಿಸಿಕೊಂಡೆ.

ಭಾನುವಾರ ಅನಘಾಳ ಸರದಿ. ಚಿಕ್ಕವಳಿದ್ದಾಗ ಅಪ್ಪ ಹಡಗು ತೋರಿಸಲು ಕರೆದೊಯ್ಯುತ್ತಿದ್ದ ಡೆಟ್ರಾಯ್ಟ್ ನದಿಯ ದಂಡೆಯಲ್ಲೇ ತನ್ನ ಫೋಟೋ ಆಗಬೇಕೆಂದು ಅವಳ ಹಟ. ಮನೆಯಿಂದ ಮೂವತ್ತು ಮೈಲಿ. ಅಂಕಲ್ ತಾವೂ ಬರುತ್ತೇನೆಂದರು. ಆಂಟಿ ಅವರಿಗೆ ಸ್ವೆಟರ್ ಮೇಲೆ ಜಾಕೆಟ್, ಮಫ್ಲರ್, ಮಂಕಿ ಕ್ಯಾಪ್ ಎಲ್ಲ ತೊಡಿಸಿ ಬಿಸಿನೀರಿನ ಫ್ಲಾಸ್ಕ್ ಕೊಟ್ಟು ಕಳಿಸಿದರು, ತಾವು ಬರಲಿಲ್ಲ. ನದಿಯ ಮೇಲಿನ ಗಾಳಿಗೆ ನನ್ನ ಕಪ್ಪು ಬಟ್ಟೆ ಹಾರಿ ಎದುರು ದಡದ ಕೆನಡಾ ಸೇರುವುದರಲ್ಲಿತ್ತು. ಅಂಕಲ್ ಅದರ ಎರಡೂ ತುದಿ ಹಿಡಿದು ನಿಂತರು. ಅನಘಾ ಅಪ್ಪನನ್ನೇ ನೋಡುತ್ತಿದ್ದ ಗಳಿಗೆಯಲ್ಲಿ ಒತ್ತಿದೆ. ಆ ಹಾಳೆ ಚೆನ್ನಾಗಿ ಬರುತ್ತದೆಂದು ತೊಳೆಯುವ ಮುಂಚೆಯೇ ನನಗೆ ಗೊತ್ತಾಯಿತು.

ಅನಘಾ ಕಾಫಿ ತರಲು ಹೋದಾಗ ಅಂಕಲ್ ಕಾರಿನ ಹಿಂದೆ ಬಂದು ನಿಂತರು. "ಎಲ್ಲಿ, ಆ ಫೋಟೋ ತೋರ್ಸು. ನಂದೇ ಫೋಟೋ, ನಾನೇ ಸರಿಯಾಗಿ ನೋಡ್ಲಿಲ್ಲ."

ಕಂಬಳಿ ಸರಿಸಿದೆ. ಮಂಕಿ ಕ್ಯಾಪ್ ತೆಗೆದು ಬಹಳ ಹೊತ್ತು ನೋಡಿದರು.

"ನಮ್ಮಪ್ಪನ ಥರಾನೇ ಇದೀನಿ."

"ತಪ್ಪಾಯ್ತು ಅಂಕಲ್. ನಂಗೆ ಹೊಳೀಲೇ ಇಲ್ಲ."

"ಅದಕ್ಕೇನಮ್ಮ. ನಂಗೇನೂ ಭಯ ಆಗ್ಲಿಲ್ಲ." ಮಂಕಿ ಕ್ಯಾಪ್ ಮತ್ತೆ ಹಾಕಿಕೊಳ್ಳುತ್ತಾ ಹೇಳಿದರು, "ನೋಡು, ಆಪರೇಷನ್ ಆದಾಗ ನಾನು ಆರು ಗಂಟೆ ನಿದ್ದೆ ಮಾಡ್ತಿದ್ದೆ. ಹೊರಗಡೆ ಎದ್ದು ಕೂತಿದ್ದವಳು ಅವಳು. ಅವಳು ಹೂಂ ಅನ್ನೋವರ್ಗೂ ನಾನು ಸೈನ್ ಹಾಕಲ್ಲ. ನೀನೂ ಕೇಳ್ಬೇಡ." ನಾನು ತಲೆಯಾಡಿಸಿದೆ. ಅವರು ಫೋಟೋಗೆ ಕಂಬಳಿಯನ್ನು ತಾವೇ ಸರಿಯಾಗಿ ಹೊದಿಸಿದರು.

ಸೋಮವಾರ ಬೆಳಿಗ್ಗೆ ಉಪ್ಪಿಟ್ಟು ತಿಂದು, ಎಂಟೂವರೆಗೆಲ್ಲ ಸಾಮಾನು ಕಾರಿಗೆ ತುಂಬಿದೆವು. ದಾರಿಗೆಂದು ಮೊಸರನ್ನದ ಡಬ್ಬಿ ಕಟ್ಟುತ್ತಿದ್ದ ಆಂಟಿ ತಲೆಯೆತ್ತದೆ ಕೇಳಿದರು: "ಆ ದೊಡ್ಡ ಕ್ಯಾಮೆರಾ ಹಾಕ್ಬಿಟ್ಯಾ?"

"ಹಾಕಿದೆ ಆಂಟಿ."

"ಈಚೆ ತೆಗಿ. ನಂದೂ ಒಂದು ತೆಗಿ."

ಅನಘಾ, "ಅಮ್ಮ, ಸೀರೆ ಉಟ್ಕೋತೀಯಾ?" ಎಂದಳು. "ಇದೇ ಸಾಕು" ಎಂದು ಆಂಟಿ ಮಾಸಿದ ಕಾರ್ಡಿಗನ್ನಿನಲ್ಲೇ ಸ್ಟೂಲ್ ಎಳೆದುಕೊಂಡು ಕಿಟಕಿಯ ಬಳಿ ಕೂತರು. "ಇವರದ್ದು ಹೇಗೆ ತೆಗ್ದಿದೀಯೋ ಹಾಗೇ ಇರ್ಲಿ. ಅದೇ ಕರೀ ಬಟ್ಟೆ. ಅದೇ ಸೈಜು, ಅದೇ ಫ್ರೇಮು. ನಗಿ ಅಂತ ಹೇಳ್ಬೇಡ."

ಕ್ಯಾಮೆರಾ ಇಳಿಸಿ ತಂದು ಸ್ಟ್ಯಾಂಡಿನ ಮೇಲೆ ಕೂರಿಸಿದೆ. ಅನಘಾ ಹಿಂದೆ ಬಟ್ಟೆ ಹಿಡಿದಳು. ಈ ಕ್ಯಾಮೆರಾದಲ್ಲಿ ಎಲ್ಲರೂ ಕಾಣುವಂತೆ, ಪೆಟ್ಟಿಗೆಯ ಗಾಜಿನ ಮೇಲೆ ಆಂಟಿ ತಲೆಕೆಳಗಾಗಿ ಕಂಡರು. ಕಣ್ಣ ಕೆಳಗೆ ಮೂರು ತಿಂಗಳ ನಿದ್ದೆಗೆಟ್ಟ ಕಪ್ಪು. ಒಂದು ಸೆಕೆಂಡು. ಅವರು ರೆಪ್ಪೆ ಮಿಟುಕಿಸಲಿಲ್ಲ.

ಮುಗಿದ ಮೇಲೂ ಏಳದೆ ಹೇಳಿದರು: "ಫೋಟೋ ಚೆನ್ನಾಗಿಲ್ಲ ಅಂತಲ್ಲ ಕಣಮ್ಮ. ಅವತ್ತು ಆಸ್ಪತ್ರೆ ಹೊರಗಡೆ ಕೂತಿದ್ನಲ್ಲ, ಮನಸ್ಸಲ್ಲೇ ನಮ್ಮನೆ ಗೋಡೆ ಮೇಲೆ ಇದೇ ಫೋಟೋ ನೋಡ್ಬಿಟ್ಟಿದ್ದೆ. ಕಣ್ಣು ಮುಚ್ಚಿದ್ರೆ ಅದೇ. ನೀನು ಅದನ್ನೇ ತಗೊಂಡು ಬಂದೆ." ಅನಘಾ ಬಟ್ಟೆ ಕೆಳಗೆ ಬಿಟ್ಟು ಅಮ್ಮನ ಹೆಗಲ ಮೇಲೆ ಕೈಯಿಟ್ಟಳು. ಆಂಟಿ ಮೂಗು ಒರೆಸಿಕೊಂಡರು. "ಇಲ್ಲಿ ಬೇಡ, ಈ ಮನೇಲಿ ನಂಗೆ ಆಗಲ್ಲ. ಚಿಕಾಗೋದಲ್ಲಿ ಹಾಕು. ಆದ್ರೆ ಇವರನ್ನ ಒಂಟಿಯಾಗಿ ನೇತು ಹಾಕ್ಬೇಡ. ಪಕ್ಕದಲ್ಲಿ ನನ್ನ ಹಾಕು."

ಅಂಕಲ್ ಕಾಫಿ ಲೋಟ ಹಿಡಿದು ಬಾಗಿಲಲ್ಲೇ ನಿಂತಿದ್ದರು. "ಏನು ನೋಡ್ತಾ ನಿಂತಿದೀರಿ? ಸೈನ್ ಹಾಕಿ, ಹುಡುಗೀರಿಗೆ ಹೊತ್ತಾಗುತ್ತೆ" ಎಂದು ಆಂಟಿ ಗದರಿದರು.

ಪತ್ರವನ್ನು ಅಡಿಗೆಕಟ್ಟೆಯ ಮೇಲಿಟ್ಟೆ. ಅಂಕಲ್ ಕನ್ನಡಕ ಹುಡುಕಿ ತಂದು ಸಹಿ ಹಾಕಿದರು. ಆಂಟಿ ಅವರ ಕೈಯಿಂದ ಪೆನ್ನು ತೆಗೆದುಕೊಂಡು, ಅದೇ ಗೆರೆಯಲ್ಲಿ ಉಳಿದಿದ್ದ ಒಂದಂಗುಲ ಜಾಗದಲ್ಲಿ, ಅವರ ಹೆಸರಿಗೆ ತಾಗಿಸಿಕೊಂಡು ತಮ್ಮ ಹೆಸರು ಬರೆದರು. ಒಬ್ಬೊಬ್ಬರಿಗೆ ಒಂದೊಂದು ಪತ್ರ ಬೇಕು, ನನ್ನ ಚೀಲದಲ್ಲಿ ಇನ್ನೂ ನಾಲ್ಕಿವೆ ಎಂದು ನಾನು ಹೇಳಲಿಲ್ಲ.