ಅರವತ್ತೈದು ನಿಮಿಷದ ಗಂಟೆ

ಕಣಕಟ್ಟೆಯ ತೋಟದ ಕೊಳವೆಬಾವಿ ಎರಡು ಮನೆಗೆ ಸೇರಿತ್ತು: ನಮ್ಮದು, ಪಕ್ಕದ ಚಿಕ್ಕಮ್ಮನದು. ಮೂರು ಫೇಸ್ ಕರೆಂಟ್ ಇರುತ್ತಿದ್ದದ್ದು ದಿನಕ್ಕೆ ಆರು ಗಂಟೆ. ಒಬ್ಬರಾದ ಮೇಲೆ ಒಬ್ಬರಿಗೆ ಗಂಟೆಗೊಂದು ಪಾಳಿ, ಮೊದಲನೆಯದು ಅಪ್ಪನದು, ಕೊನೆಯದು ಚಿಕ್ಕಮ್ಮನದು. ಇಬ್ಬರ ವಾಚೂ ಒಂದೇ ಹೊತ್ತು ತೋರಿಸುತ್ತಿರಲಿಲ್ಲ, ದಿನವೂ ಜಗಳ. ಇಂಜಿನಿಯರಿಂಗ್ ಕೊನೆಯ ವರ್ಷದಲ್ಲಿ ನಾನು ಮೈಕ್ರೋಕಂಟ್ರೋಲರ್ ಚಿಪ್ ಹಾಕಿ, ಕರೆಂಟ್ ಬಂದಾಗಿನಿಂದ ಗಂಟೆಗೊಮ್ಮೆ ಕೂಗುವ ಪೆಟ್ಟಿಗೆ ಮಾಡಿಕೊಟ್ಟೆ. ಇನ್ನು ಯಾರೂ ತೋಟಕ್ಕೆ ವಾಚ್ ಕಟ್ಟಿಕೊಂಡು ಬರಬಾರದು ಎಂದು ಇಬ್ಬರೂ ಒಪ್ಪಿದರು.

ಹದಿನೈದು ದಿನಕ್ಕೆ ಚಿಕ್ಕಮ್ಮ ನನ್ನನ್ನು ತೆಂಗಿನ ಸಾಲಿನಲ್ಲಿ ತಡೆದರು.

"ಕೊನೇ ಪಾಳೀಲಿ ಹನ್ನೆರಡು ಪಾತಿ ತುಂಬ್ತಿತ್ತು. ಈಗ ಏಳು ಪಾತಿ ತುಂಬೋ ಹೊತ್ಗೇ ಕರೆಂಟ್ ಹೋಯ್ತದೆ. ಅಪ್ಪನ್ ಕಡೀಕೆ ವಾಲ್ಸಿ ಮಾಡಿದ್ದೀಯೇನೇ?"

"ಮಿಕ್ಕ ಪಾಳೀಲಿ ಎಷ್ಟು ತುಂಬುತ್ತೆ ಚಿಕ್ಕಮ್ಮ?"

"ಹದಿಮೂರು. ಅದ್ಯಾಕೆ?"

ಆ ಒಂದು ಹೆಚ್ಚಿನ ಪಾತಿ ನನ್ನನ್ನು ಊಟಕ್ಕೂ ಕೂರಲು ಬಿಡಲಿಲ್ಲ. ಎದ್ದು ಹೋಗಿ ಪೆಟ್ಟಿಗೆ ಬಿಚ್ಚಿದೆ.

ಚಿಪ್ಪಿಗೆ ಗಂಟೆ ಗೊತ್ತಿರುವುದಿಲ್ಲ. ಪಕ್ಕದಲ್ಲಿ ಕೂರಿಸಿದ ಕ್ರಿಸ್ಟಲ್ ಹರಳು ಹನ್ನೆರಡು ಸಲ ಮಿಡಿದರೆ ಟೈಮರ್ ಒಂದು ಎಣಿಸುತ್ತದೆ, ಅಷ್ಟೇ. ಹರಳು ಹನ್ನೆರಡು ಮೆಗಾಹರ್ಟ್ಸ್‌ನದಾದರೆ ಸೆಕೆಂಡಿಗೆ ಹತ್ತು ಲಕ್ಷ ಎಣಿಕೆ. ನನ್ನ ಪ್ರೋಗ್ರಾಂ ಅದನ್ನೇ ನಂಬಿತ್ತು. ಈ ಹರಳಿನ ಮೇಲೆ ಇದ್ದದ್ದು 11.0592. ಕಂಪ್ಯೂಟರಿಗೆ ಜೋಡಿಸಲು ಅನುಕೂಲವೆಂದು ಲ್ಯಾಬಿನ ಹಳೆಯ ಬೋರ್ಡುಗಳಲ್ಲಿ ಇದೇ ಇರುತ್ತಿತ್ತು. ಬೇರೆ ಬೋರ್ಡಿನಲ್ಲಿ ಪರೀಕ್ಷಿಸಿದ ಚಿಪ್ಪನ್ನು ಕೊನೆಗೆ ಇದಕ್ಕೆ ಸಿಕ್ಕಿಸಿದ್ದೆ, ಹರಳು ನೋಡದೆ. ಎಣಿಕೆ ಹತ್ತು ಲಕ್ಷ ಮುಟ್ಟುವುದು ತಡವಾಗಿ ಗಂಟೆ ಅರವತ್ತೈದು ನಿಮಿಷವಾಗಿತ್ತು. ಮೊದಲ ಐದು ಪಾಳಿಯಲ್ಲಿ ಹೆಚ್ಚಾದ ಇಪ್ಪತ್ತೈದು ನಿಮಿಷವೂ ಚಿಕ್ಕಮ್ಮನ ಕೊನೆಯ ಪಾಳಿಯಿಂದಲೇ ಹೋಗುತ್ತಿತ್ತು.

"ಸುಮ್ನೆ ಬದಲಾಯ್ಸ್‌ಬಿಡು ಕಣಮ್ಮ," ಅಂದರು ಅಪ್ಪ. "ಬಾಯ್ಬಿಟ್ರೆ ಬೇಕಂತಲೇ ಮಾಡಿದ್ವಿ ಅಂತಾಳೆ."

ಮರುದಿನ ಅರಸೀಕೆರೆಯ ರೇಡಿಯೋ ರಿಪೇರಿ ಅಂಗಡಿಯಲ್ಲಿ ಸರಿಯಾದ ಹರಳು ಸಿಕ್ಕಿತು. ಬಸ್ಸಿನಲ್ಲಿ ಸೀಟಿದ್ದರೂ ಕೂರಲಾಗದೆ ನಿಂತೇ ಬಂದೆ. ಇಳಿದವಳು ನಮ್ಮ ಮನೆಗೆ ಹೋಗಲಿಲ್ಲ. ಚಿಕ್ಕಮ್ಮನ ಜಗಲಿಯಲ್ಲಿ ನಿಂತು, ತಪ್ಪು ನನ್ನದೆಂದೂ ಅಪ್ಪನಿಗೆ ಗೊತ್ತಿರಲಿಲ್ಲವೆಂದೂ ಹೇಳಿದೆ. ಅವರು ಹೊಸ ಹರಳನ್ನು ಬೆರಳಲ್ಲಿ ಹಿಡಿದು ತಿರುಗಿಸಿ ನೋಡಿದರು.

"ಇಂಥದೇ ಇಷ್ಟುದ್ದದ್ದು ನನ್ ಐದು ಪಾತಿ ಕುಡೀತಾ?"

"ಹೌದು."

"ಹಂಗಾರೆ ಈಗ್ಲೇ ಹಾಕ್‌ಬೇಡ. ಇನ್ ಹದಿನೈದ್ ದಿನ ಹಿಂಗೇ ಇರ್ಲಿ. ಮೊದಲ್ನೇ ಪಾಳಿ ನಂದು, ಕೊನೇದು ನಿಮ್ಮಪ್ಪಂದು. ಆಮೇಲ್ ಸರಿಮಾಡು."

ಅಪ್ಪನನ್ನು ಕೇಳದೆಯೇ, ಆಗಲಿ ಎಂದೆ.